ಹೆರಿಗೆ ಬ್ಯಾಗು ಮನೆಯವರ ಕೈಗೂ ಸಿಗೋ ಹಾಗೆ ಕಟ್ಟಿಡಿ

ನನ್ನ ದೊಡ್ಡ ಮಗಳ ಹೆರಿಗೆಗೆ ಬ್ಯಾಗು ತುಂಬಿದ್ದು ನಾನೊಬ್ಬಳೇ, ಅದೇ ತಪ್ಪಾಗಿದ್ದು. ಮಂಡ್ಯದಿಂದ ಮೈಸೂರಿಗೆ ರಾತ್ರೋರಾತ್ರಿ ಹೋದ್ವಿ, ಬೆಳಗಿನ ಜಾವ ನಾನು ಔಷಧಿ ತರೋಕೆ ಕೆಳಗಿಳಿದಿದ್ದೆ, ಅಷ್ಟರಲ್ಲಿ ನರ್ಸಮ್ಮ ಬಾಗಿಲಿಗೆ ಬಂದು "ಮಗು ಬಟ್ಟೆ ಕೊಡಿ ಬೇಗ" ಅಂದಿದ್ದಾರೆ, ಪಾಪ ನಮ್ಮ ಅಳಿಯಂದ್ರು ವರಾಂಡದಲ್ಲೇ ಬ್ಯಾಗು ಸುರುವಿ ಹುಡುಕ್ತಾ ಕೂತಿದ್ರು, ನೈಟಿ ಟವಲ್ಲು ಫ್ಲಾಸ್ಕು ಎಲ್ಲಾ ನೆಲದ ಮೇಲೆ, ಮಗು ಟೋಪಿ ಮಾತ್ರ ಸಿಗ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಅದಕ್ಕೇ ಹೇಳ್ತೀನಿ, ಗಂಡನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಬ್ಯಾಗು ತುಂಬಿ.

ಎಂಟು ತಿಂಗಳು ತುಂಬ್ತಿದ್ದಂಗೆ, 35 ವಾರದೊಳಗೆ ರೆಡಿ ಇರ್ಲಿ. ಮೊದಲು ಕಾಗದಪತ್ರ. ತಾಯಿ ಕಾರ್ಡು, ಗಂಡ ಹೆಂಡ್ತಿ ಇಬ್ಬರ ಆಧಾರು, ರೇಷನ್ ಕಾರ್ಡು, ಪಾಸ್‌ಬುಕ್ಕು, ಸ್ಕ್ಯಾನಿಂಗ್ ರಿಪೋರ್ಟು, ಎಲ್ಲದರ ಎರಡೆರಡು ಜೆರಾಕ್ಸು, ಒಂದೇ ಜಿಪ್ ಕವರಲ್ಲಿ. ರಕ್ತದ ಗುಂಪಿನ ರಿಪೋರ್ಟು ಮೇಲುಗಡೆನೇ ಇಡಿ. ನಿಮ್ಮದು ನೆಗೆಟಿವ್ ಇದ್ರೆ ಸೇರಿಸುವಾಗ್ಲೇ ಹೇಳ್ಬಿಡಿ, ಮಗುದು ಪಾಸಿಟಿವ್ ಆದ್ರೆ 72 ಗಂಟೆಯೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕಾಗುತ್ತೆ.

ಮಗು ಬಟ್ಟೆ ವಿಷಯದಲ್ಲಿ, ಹುಟ್ಟೋಕೆ ಮುಂಚೆ ಹೊಸದು ತರಬಾರದು ಅಂತ ನಮ್ಮಲ್ಲಿ ಇದೆಯಲ್ಲ, ಅದು ಒಳ್ಳೇದೇ ಕಣವ್ವ. ಹತ್ತಾರು ಸಲ ಒಗೆದ ತಾತನ ಪಂಚೆಯಷ್ಟು ಮೆತ್ತಗಿರೋ ಬಟ್ಟೆ ಯಾವ ಅಂಗಡೀಲೂ ಸಿಗಲ್ಲ. ಅದನ್ನ ಒಂದೊಂದು ಗಜಕ್ಕೆ ಹರಿದು, ಸೋಪಲ್ಲಿ ಒಗೆದು, ಕುದಿಯೋ ನೀರಲ್ಲಿ ಅದ್ದಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಇಸ್ತ್ರಿ ಮಾಡಿ. ಬೀರುವಿನಲ್ಲಿ ನುಸಿಗುಳಿಗೆ ಜೊತೆ ಮಾತ್ರ ಇಡ್ಬೇಡಿ, ಅದರ ವಾಸನೆಯಿಂದ ಕೆಲವು ಕೂಸುಗಳಿಗೆ ಕಾಮಾಲೆ ಜೋರಾಗುತ್ತೆ. ಆಮೇಲೆ ಎರಡು ಪಂಚೆ ತುಂಡು, ಒಂದು ಜಬ್ಲ, ಟೋಪಿ, ಕಾಲುಚೀಲ ಸೇರಿಸಿ ಒಂದು ಕವರು, ಇಂಥ ನಾಲ್ಕು ಕವರು ಮಾಡಿ ಮೇಲೆ "ಮಗು" ಅಂತ ಬರೀರಿ, ಕೇಳಿದ ತಕ್ಷಣ ಒಂದು ಕವರು ಎತ್ತಿ ಕೊಟ್ರೆ ಆಯ್ತು. ಟೋಪಿ ಮರೀಬೇಡಿ, ಹುಟ್ಟಿದ ಕೂಸಿಗೆ ತಲೆಯಿಂದ ಮೈ ಶಾಖ ಬೇಗ ಹೋಗುತ್ತೆ.

ತಾಯಿಗೆ ಮುಂದೆ ಬಟನ್ ಇರೋ ಗಾಢ ಬಣ್ಣದ ನೈಟಿ ಮೂರು, ದೊಡ್ಡ ಪ್ಯಾಡು ಎರಡು ಪ್ಯಾಕೆಟ್ಟು, ಸ್ವೆಟರು, ಸ್ಕಾರ್ಫು. ಒಳಉಡುಪು ಒಂದು ಸೈಜು ದೊಡ್ಡದು ತಗೊಳ್ಳಿ, ಸಿಸೇರಿಯನ್ ಆದ್ರೆ ಹೊಲಿಗೆ ಮೇಲೆ ಇಲಾಸ್ಟಿಕ್ ಉಜ್ಜಬಾರದು. ಒಡವೆ ಮನೇಲೇ ಇರ್ಲಿ, ಉಗುರುಬಣ್ಣ ಅಳಿಸ್ಕೊಂಡು ಹೋಗಿ, ಆಕ್ಸಿಜನ್ ನೋಡೋಕೆ ಬೆರಳಿಗೆ ಮೆಷಿನ್ ಸಿಕ್ಕಿಸ್ತಾರೆ.

ಜೊತೇಲಿರೋರಿಗೆ ಬೇರೆ ಚೀಲ. ಫ್ಲಾಸ್ಕು, ಲೋಟ, ಚಾಪೆ, ಹೊದಿಕೆ, ಚಾರ್ಜರು, ಚಿಲ್ಲರೆ ದುಡ್ಡು. ಮೈಸೂರಿನ ಚೆಲುವಾಂಬ ಥರ ಸರ್ಕಾರಿ ಆಸ್ಪತ್ರೆಗೆ ಹೋಗೋರು ಬಕೆಟ್ಟು ಮಗ್ಗೂ ಇಟ್ಕೊಳ್ಳಿ, ಹೆರಿಗೆ ಔಷಧಿ ಊಟ ಅಲ್ಲಿ ಫ್ರೀನೇ, ಮನೆಗೆ ಬಿಡೋಕೆ ನಗು-ಮಗು ಗಾಡಿನೂ ಇದೆ, ಕೇಳಿ ತಗೊಳ್ಳಿ.

ಅಜ್ಜಿಯರೇ, ನಿಮಗೂ ಒಂದು ಮಾತು. ಬ್ಯಾಗಿನ ಮೂಲೇಲಿ ಜೇನುತುಪ್ಪ, ಬಜೆ, ಕಾಡಿಗೆ ಸೇರಿಸ್ಬೇಡಿ. ನಮ್ಮ ಅತ್ತೆ ನನ್ನ ಮಕ್ಕಳಿಗೆ ನೆಕ್ಕಿಸಿದ್ರು, ಗೊತ್ತಿಲ್ಲದ ಕಾಲ ಅದು. ಈಗ ಗೊತ್ತಾಗಿದೆ, ಒಂದು ವರ್ಷ ಆಗೋವರೆಗೂ ಜೇನು ಕೊಡಲೇಬಾರದು. ಹುಟ್ಟಿದ ಒಂದು ಗಂಟೆಯೊಳಗೆ ಆ ಹಳದಿ ಗಿಣ್ಣು ಹಾಲು ಬಾಯಿಗೆ ಬೀಳ್ಲಿ, ಅದನ್ನ ಹಿಂಡಿ ಚೆಲ್ಲೋದು ಬೇಡ, ಆರು ತಿಂಗಳವರೆಗೆ ತಾಯಿ ಹಾಲೇ ಸಾಕು.

ಇನ್ನು, ನೀರು ಒಡೆದು ಹಸಿರು ಬಣ್ಣ ಕಂಡ್ರೆ, ರಕ್ತ ಹೋದ್ರೆ, ಮಗು ಆಡೋದು ಕಮ್ಮಿ ಆಯ್ತು ಅನ್ನಿಸಿದ್ರೆ ನೋವು ಬರ್ಲಿ ಅಂತ ಕಾಯ್ಬೇಡಿ, ಬ್ಯಾಗೂ ನೋಡ್ಬೇಡಿ. ಕಾಗದದ ಕವರೊಂದು ಕೈಲಿ ಹಿಡ್ಕೊಂಡು 108ಕ್ಕೆ ಫೋನ್ ಮಾಡಿ ಹೊರಟುಬಿಡಿ, ಬ್ಯಾಗನ್ನ ಹಿಂದೆ ಯಾರಾದ್ರೂ ತರ್ತಾರೆ.