ಹೆಲಿಕಾಪ್ಟರ್‌ನಿಂದ ಟವರ್ ಜೊತೆ ಮಾತಾಡೋದು: ನಾನು ಕಲಿತ ರೀತಿ

ಹೆಲಿಕಾಪ್ಟರ್ ಕಲಿಯುವಾಗ ನನಗೆ ಹಾರಿಸೋದಕ್ಕಿಂತ ಜಾಸ್ತಿ ಕಷ್ಟ ಆಗಿದ್ದು ರೇಡಿಯೋ. ಬಲಗೈ ಸೈಕ್ಲಿಕ್ (ದಿಕ್ಕಿಗೆ ವಾಲಿಸೋ ಕೋಲು) ಮೇಲೆ, ಎಡಗೈ ಕಲೆಕ್ಟಿವ್ (ಮೇಲೆ ಕೆಳಗೆ ಮಾಡೋ ಹಿಡಿ) ಮೇಲೆ, ಕಾಲೆರಡೂ ಪೆಡಲ್ ಮೇಲೆ. ಫ್ರೀಕ್ವೆನ್ಸಿ ಬದಲಾಯಿಸಬೇಕು ಅಂದ್ರೆ ಕಲೆಕ್ಟಿವ್ ಬಿಡಬೇಕು, ಹೋವರ್‌ನಲ್ಲಿ, ಅಂದ್ರೆ ಗಾಳಿಯಲ್ಲಿ ಒಂದೇ ಕಡೆ ನಿಂತಿರುವಾಗ, ಅದು ಆಗದ ಮಾತು. ಅದಕ್ಕೆ ಟವರ್‌ನ (ವಿಮಾನ ನಿಲ್ದಾಣದ ಕಂಟ್ರೋಲರ್ ಇರೋ ಕಡೆ) ಫ್ರೀಕ್ವೆನ್ಸಿಯನ್ನ ಮೊದಲೇ ಸ್ಟ್ಯಾಂಡ್‌ಬೈನಲ್ಲಿ, ಅಂದ್ರೆ ಒಂದು ಗುಂಡಿ ಒತ್ತಿದರೆ ಬರೋ ಹಾಗೆ, ಹಾಕಿಡ್ತೀನಿ. ಎಟಿಸ್ (ಹವಾಮಾನ, ರನ್‌ವೇ ಮಾಹಿತಿ ಹೇಳೋ ರೆಕಾರ್ಡಿಂಗ್, ಪ್ರತಿಯೊಂದಕ್ಕೂ ಒಂದು ಅಕ್ಷರ ಇರುತ್ತೆ) ಕೇಳಿ ಅದರ ಅಕ್ಷರವನ್ನ ತೊಡೆ ಮೇಲಿನ ಪ್ಯಾಡ್‌ನಲ್ಲಿ ಬರ್ಕೋತೀನಿ.

ನಾನು ಕಲಿತ ಹೆಲಿಕಾಪ್ಟರ್‌ನಲ್ಲಿ ಮಾತಾಡೋ ಟ್ರಿಗರ್ ಸೈಕ್ಲಿಕ್‌ನಲ್ಲೇ ಇತ್ತು. ಅರ್ಧ ಒತ್ತಿದರೆ ಇಂಟರ್‌ಕಾಮ್, ಪೂರ್ತಿ ಒತ್ತಿದರೆ ರೇಡಿಯೋ. ಮೊದಲ ಸಲ ಅರ್ಧವೇ ಒತ್ತಿದ್ದೆ, ಇಡೀ ಸಂದೇಶ ಪಕ್ಕದಲ್ಲಿದ್ದ ಟ್ರೈನರ್‌ಗೆ ಮಾತ್ರ ಕೇಳಿಸಿತ್ತು.

ಮೊದಲ ಕರೆಯಲ್ಲಿ ನಾನು ಯಾರು, ಎಲ್ಲಿದ್ದೀನಿ, ಎಷ್ಟು ಎತ್ತರ, ಏನು ಬೇಕು ಅನ್ನೋದನ್ನ ಒಂದೇ ಉಸಿರಲ್ಲಿ ಹೇಳಿ ಮುಗಿಸ್ತೀನಿ. "ಟವರ್, ಹೆಲಿಕಾಪ್ಟರ್ ಆಲ್ಫಾ ಬ್ರಾವೋ, ಉತ್ತರಕ್ಕೆ ಐದು ಮೈಲಿ, ಸಾವಿರ ಅಡಿ, ಇನ್ಫರ್ಮೇಶನ್ ಚಾರ್ಲಿ, ಲ್ಯಾಂಡಿಂಗ್‌ಗೆ." ಆಲ್ಫಾ ಬ್ರಾವೋ ನನ್ನ ಕಾಲ್‌ಸೈನ್ (ರೇಡಿಯೋದಲ್ಲಿ ಕರೆಯೋ ಹೆಸರು), ಚಾರ್ಲಿ ನಾನು ಬರ್ಕೊಂಡ ಎಟಿಸ್ ಅಕ್ಷರ. ಹೆಲಿಕಾಪ್ಟರ್ ಅನ್ನೋ ಪದ ಬಿಡಬಾರದು, ಅದು ಕೇಳಿದರೆ ಕಂಟ್ರೋಲರ್‌ಗೆ ನಮ್ಮನ್ನ ರನ್‌ವೇ ಬಿಟ್ಟು ಬೇರೆ ಕಡೆಯಿಂದ ಕರ್ಕೊಳ್ಳಬಹುದು ಅಂತ ತಕ್ಷಣ ಹೊಳೆಯುತ್ತೆ. ಇನ್ನೊಂದು, ನಮ್ಮ ರೇಡಿಯೋದ ವಿಎಚ್‌ಎಫ್ ತರಂಗ ನೇರ ದಾರಿಯಲ್ಲೇ ಹೋಗೋದು. ಕೆಳಗೆ ಹಾರ್ತಾ ಗುಡ್ಡದ ಹಿಂದೆ ಇದ್ದರೆ ಟವರ್‌ಗೆ ಏನೂ ಕೇಳಲ್ಲ, ಸ್ವಲ್ಪ ಮೇಲೇರಿ ಕರೀಬೇಕು.

ಟ್ರಿಗರ್ ಒತ್ತೋದಕ್ಕೆ ಮೊದಲು ಬೇರೆಯವರು ಮಾತಾಡ್ತಿದ್ದಾರಾ ಅಂತ ಕೇಳಿಸ್ಕೊಳ್ಳೋದು ಎಲ್ಲಕ್ಕಿಂತ ಮುಖ್ಯ. ಇಬ್ಬರು ಒಟ್ಟಿಗೆ ಒತ್ತಿದರೆ ಬರೋದು ಕಿರ್ರ್ ಅನ್ನೋ ಸದ್ದು. 1977ರ ಮಾರ್ಚ್ 27ರಂದು ಟೆನೆರಿಫ್‌ನಲ್ಲಿ ಎರಡು 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರಲ್ಲ, ಅಲ್ಲೂ ಹೀಗೆ ಮಾತಿನ ಮೇಲೆ ಮಾತು ಬಿದ್ದು ಮುಖ್ಯವಾದ ಎಚ್ಚರಿಕೆ ಕಾಕ್‌ಪಿಟ್‌ಗೆ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ "ಟೇಕ್-ಆಫ್" ಪದವನ್ನ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸೋ ಪದ್ಧತಿ ಬಂತು, ಉಳಿದ ಕಡೆ "ಡಿಪಾರ್ಚರ್" ಅಂತೀವಿ.

ನಾನು ಮಾಡಿದ ದೊಡ್ಡ ತಪ್ಪು "ರಾಜರ್" ಅನ್ನೋದು. ಒಮ್ಮೆ ರನ್‌ವೇ ಹತ್ತಿರ ಹೋವರ್‌ನಲ್ಲಿದ್ದಾಗ ದಾಟಬೇಡಿ, ಹೋಲ್ಡ್ ಮಾಡಿ ಅಂತ ಟವರ್ ಹೇಳಿತು. ನಾನು "ರಾಜರ್" ಅಂದೆ. ಕಂಟ್ರೋಲರ್ ಬಿಡಲಿಲ್ಲ, ಪೂರ್ತಿ ರೀಡ್‌ಬ್ಯಾಕ್, ಅಂದ್ರೆ ಹೇಳಿದ್ದನ್ನೇ ವಾಪಸ್ ಹೇಳೋದನ್ನ ಕೇಳಿದರು. ರಾಜರ್ ಅಂದ್ರೆ ಕೇಳಿಸಿತು ಅಂತ ಅಷ್ಟೇ, ಏನು ಕೇಳಿಸಿತು ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು? ಅವತ್ತಿಂದ ರನ್‌ವೇ ನಂಬರ್, ಹೋಲ್ಡ್, ಕ್ಯೂಎನ್‌ಎಚ್ (ಎತ್ತರಮಾಪಕಕ್ಕೆ ಹಾಕೋ ಗಾಳಿ ಒತ್ತಡ), ಸ್ಕ್ವಾಕ್ (ರೇಡಾರ್‌ಗೆ ನಮ್ಮ ಗುರುತಿನ ಕೋಡ್) ಎಲ್ಲವನ್ನೂ ಕಾಲ್‌ಸೈನ್ ಸಮೇತ ವಾಪಸ್ ಹೇಳ್ತೀನಿ.

ಇನ್ನೊಂದು ಪದ "ಅನೇಬಲ್", ಅಂದ್ರೆ ಹೇಳಿದ್ದನ್ನ ಮಾಡೋಕಾಗಲ್ಲ ಅಂತ. ಒಂದು ಸಲ ಪಾರ್ಕಿಂಗ್‌ಗೆ ಹೋಗಲು ಬಾಗಿಲು ತೆರೆದಿದ್ದ ಪುಟ್ಟ ವಿಮಾನದ ಪಕ್ಕದಿಂದಲೇ ಹೋವರ್ ಟ್ಯಾಕ್ಸಿ (ನೆಲದಿಂದ ಸ್ವಲ್ಪವೇ ಮೇಲೆ ನಿಧಾನವಾಗಿ ಸಾಗೋದು) ಮಾಡಿ ಅಂದರು. ರೋಟರ್ ಗಾಳಿಯ ಹೊಡೆತ ಎಷ್ಟು ಅಂತ ಟವರ್‌ನಿಂದ ಕಾಣಲ್ಲ ಅಲ್ವಾ? ಕಡಿಮೆ ಅಂದ್ರೂ ರೋಟರ್ ಅಗಲದ ಮೂರು ಪಟ್ಟು ದೂರ ಬಿಡಬೇಕು, ಅಲ್ಲಿ ಅಷ್ಟು ಜಾಗ ಇರಲಿಲ್ಲ. "ಅನೇಬಲ್, ಹುಲ್ಲಿನ ಮೇಲಿಂದ ಬರಬಹುದಾ" ಅಂತ ಕೇಳಿದೆ. ಎರಡೇ ಸೆಕೆಂಡಿನಲ್ಲಿ ಅನುಮತಿ ಸಿಕ್ಕಿತು.