ಎಕರೆಗೊಂದು ಖಾನೆ, ಗುಂಟೆಗೊಂದು ಖಾನೆ: ರೈತ ಕುಟುಂಬಗಳಿಗೆ ಪ್ರಶ್ನಾವಳಿ ಬರೆಯುವಾಗ

ರೈತ ಕುಟುಂಬಗಳ ಸಮೀಕ್ಷೆಗೆ ಪ್ರಶ್ನಾವಳಿ ಮಾಡುವಾಗ ನಾನು ಮೊದಲು ಬರೆಯುವುದು ಪ್ರಶ್ನೆಗಳನ್ನಲ್ಲ, ಕೋಷ್ಟಕಗಳನ್ನು. ವರದಿಯಲ್ಲಿ ಕೊನೆಗೆ ಬರಬೇಕಾದ ಕೋಷ್ಟಕಗಳನ್ನು ಅಂಕಿಗಳಿಲ್ಲದೆ, ತಲೆಬರಹಗಳನ್ನಷ್ಟೇ ಹಾಕಿ ಹಾಳೆಯ ಮೇಲೆ ಎಳೆದುಕೊಳ್ಳುತ್ತೇನೆ. ಯಾವ ಕೋಷ್ಟಕಕ್ಕೂ ಸೇರದ ಪ್ರಶ್ನೆಯನ್ನು ಹೊಡೆದುಹಾಕುತ್ತೇನೆ. ‘ಇರಲಿ, ಮುಂದೆ ಬೇಕಾಗಬಹುದು’ ಎಂದು ಉಳಿಸಿಕೊಂಡ ಪ್ರಶ್ನೆಗಳೇ 40 ನಿಮಿಷದ ಕೆಲಸವನ್ನು ಒಂದೂವರೆ ಗಂಟೆಗೆ ಎಳೆಯುವುದು. ಅಷ್ಟು ಹೊತ್ತಿಗೆ ಹಾಲು ಕರೆಯುವ ಸಮಯವಾಗಿ, ಎದುರಿಗಿರುವವರು ಏನು ಕೇಳಿದರೂ ‘ಹ್ಞೂಂ, ಬರ್ಕೊಳ್ಳಿ’ ಅನ್ನತೊಡಗುತ್ತಾರೆ.

ಮೊದಲ ಪುಟದಲ್ಲಿ ಮನೆಮಂದಿಯ ಪಟ್ಟಿ. ‘ನಿಮ್ಮ ಕುಟುಂಬದಲ್ಲಿ ಎಷ್ಟು ಜನ?’ ಎಂದರೆ ಬೆಂಗಳೂರಿನಲ್ಲಿರುವ ಮಗ, ಪಾಲಾಗಿ ಹೋದ ತಮ್ಮ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ‘ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣೋರು ಎಷ್ಟು ಜನ?’ ಎಂದು ಕೇಳಬೇಕು. ಜನಗಣತಿಯೂ ಕುಟುಂಬವನ್ನು ಗುರುತಿಸುವುದು ಸಾಮಾನ್ಯ ಅಡುಗೆಮನೆಯಿಂದಲೇ.

ಅತಿ ಹೆಚ್ಚು ತಪ್ಪು ಸೇರಿಕೊಳ್ಳುವುದು ಜಮೀನಿನ ಪುಟದಲ್ಲಿ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಗಣತಿದಾರ 2.20 ಎಂದು ಬರೆಯುತ್ತಾನೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ನಿಜವಾಗಿ 2.5. ಕಂಪ್ಯೂಟರಿಗೆ ಈ ವಿಷಯ ಗೊತ್ತಿಲ್ಲ, 2.2 ಎಂದೇ ಕೂಡುತ್ತದೆ. ಎರಡು ಎಕರೆ ಐದು ಗುಂಟೆ 2.5 ಎಂದು ದಾಖಲಾದರೆ ತಪ್ಪು ಇನ್ನೊಂದು ದಿಕ್ಕಿಗೆ. ಬರೆದಾದ ಮೇಲೆ ಇವನ್ನು ಬೇರ್ಪಡಿಸಲು ದಾರಿಯೇ ಇಲ್ಲ. ಆದ್ದರಿಂದ ಎಕರೆಗೊಂದು ಖಾನೆ, ಗುಂಟೆಗೊಂದು ಖಾನೆ ಬೇರೆ ಬೇರೆ ಇಡುತ್ತೇನೆ. ಗುಂಟೆಯ ಖಾನೆಯಲ್ಲಿ 39ಕ್ಕಿಂತ ಹೆಚ್ಚು ಬರೆದರೆ ಉತ್ತರ ತುಂಬುವ ಟ್ಯಾಬ್ ಮುಂದಕ್ಕೆ ಹೋಗಬಾರದು.

ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವುದು ಸಾಮಾನ್ಯ. ಹಾಗಾಗಿ ‘ನಿಮ್ಮ ಹೆಸರಿಗೆ ಎಷ್ಟು ಜಮೀನಿದೆ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದವರು ನಾಲ್ಕು ಎಕರೆ ಉಳುತ್ತಿರಬಹುದು. ಗೇಣಿಯ ಮಾತು ಇನ್ನೂ ಸೂಕ್ಷ್ಮ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ನಮ್ಮಲ್ಲಿ ಗೇಣಿ ಕಾನೂನಿನ ಪ್ರಕಾರ ಬಹುಮಟ್ಟಿಗೆ ನಿಷಿದ್ಧ, ಆದರೆ ಹೊಲಗಳಲ್ಲಿ ನಡೆದೇ ಇದೆ. ‘ಗುತ್ತಿಗೆಗೆ ಕೊಟ್ಟಿದ್ದೀರಾ?’ ಎಂದು ನೇರವಾಗಿ ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ನಾನು ಹೊಲದಿಂದ ಹೊಲಕ್ಕೆ ಹೋಗುತ್ತೇನೆ: ಈ ಸಲ ಎಲ್ಲೆಲ್ಲಿ ಬೆಳೆ ಇಟ್ಟಿರಿ? ಆ ಹೊಲದ ಬೆಳೆಯಲ್ಲಿ ಬೇರೆ ಯಾರಿಗಾದರೂ ಪಾಲು ಹೋಗುತ್ತಾ? ಹಳೇ ಮೈಸೂರಿನ ಕಡೆ ಇದಕ್ಕೆ ‘ವಾರ’ ಅನ್ನುತ್ತಾರೆ, ವಿಜಯಪುರ, ಬೆಳಗಾವಿ ಕಡೆ ಗೇಣಿಗೆ ‘ಲಾವಣಿ’. ಊರಿನ ಪದವನ್ನೇ ಪ್ರಶ್ನೆಯಲ್ಲಿ ಹಾಕಬೇಕು.

ಬೆಳೆಯ ಹೆಸರೂ ಹಾಗೆಯೇ. ಉತ್ತರ ಕರ್ನಾಟಕದಲ್ಲಿ ‘ಜೋಳ’ ಎಂದರೆ ರೊಟ್ಟಿಯ ಜೋಳ, ದಕ್ಷಿಣದ ಹಲವು ಕಡೆ ಮುಸುಕಿನ ಜೋಳ. ಧಾರವಾಡದ ಕಡೆಯ ಗೋವಿನಜೋಳವೂ ಅದೇ. ಒಂದೇ ಪ್ರಶ್ನಾವಳಿ ಎರಡೂ ಕಡೆ ಹೋಗುವುದಾದರೆ ಆಯ್ಕೆಯ ಎದುರು ತೆನೆಯ ಚಿತ್ರ ಹಾಕಿಬಿಡುತ್ತೇನೆ. ಇಳುವರಿಯನ್ನು ಚೀಲದಲ್ಲಿ ಹೇಳಿದರೆ ‘ಒಂದು ಚೀಲ ಎಷ್ಟು ಕೆಜಿ ತೂಗುತ್ತೆ?’ ಎಂಬ ಖಾನೆ ಪಕ್ಕದಲ್ಲೇ ಇರಲಿ.

ಅಭಿಪ್ರಾಯದ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವಾಗ ಒಂದು ತೊಡಕಿದೆ. ‘ಸೊಸೈಟಿಯಲ್ಲಿ ಸಮಯಕ್ಕೆ ಸಾಲ ಸಿಗಲ್ಲ, ಒಪ್ತೀರಾ?’ ಎಂದು ಕೇಳಿ ನೋಡಿ. ಒಬ್ಬರು ‘ಹೌದು, ಸಿಗಲ್ಲ’ ಅನ್ನುತ್ತಾರೆ, ಇನ್ನೊಬ್ಬರು ‘ಇಲ್ಲ, ಸಿಗಲ್ಲ’ ಅನ್ನುತ್ತಾರೆ. ಇಬ್ಬರೂ ಹೇಳಿದ್ದು ಒಂದೇ. ಮೊದಲ ಪದ ಕೇಳಿದ ಕೂಡಲೇ ಗುರುತು ಹಾಕುವ ಗಣತಿದಾರನ ಕೈಯಲ್ಲಿ ಎರಡನೆಯವರು ‘ಒಪ್ಪುವುದಿಲ್ಲ’ ಆಗುತ್ತಾರೆ. ಎದುರಿಗೆ ಕೂತು ಕೇಳುವ ಪ್ರಶ್ನಾವಳಿಯಲ್ಲಿ ನಾನು ನಿಷೇಧದ ವಾಕ್ಯ ಇಡುವುದೇ ಇಲ್ಲ, ಎರಡೂ ಬಗೆಯ ವಾಕ್ಯಗಳನ್ನು ಬೆರೆಸಿ ಎಂದು ಪುಸ್ತಕಗಳು ಹೇಳಿದರೂ ಸರಿಯೇ. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಐದು ಹಂತದ ಲೈಕರ್ಟ್ ಮಾಪಕವನ್ನೂ ಒಂದೇ ಉಸಿರಿಗೆ ಓದಿಸುವುದಿಲ್ಲ. ಮೊದಲು ‘ಒಪ್ತೀರೋ, ಇಲ್ವೋ?’, ಆಮೇಲೆ ‘ಪೂರ್ತಿನಾ, ಸ್ವಲ್ಪಾನಾ?’

ಆದಾಯ, ಸಾಲ ಕೊನೆಯ ಪುಟಕ್ಕೆ. ವಾರ್ಷಿಕ ಆದಾಯ ಎಷ್ಟೆಂದು ಒಟ್ಟಾಗಿ ಕೇಳಿದರೆ ಬಿಪಿಎಲ್ ಕಾರ್ಡಿಗೆ ತೊಂದರೆಯಾಗದ ಅಂಕಿ ಬರುತ್ತದೆ, ಅಷ್ಟೆ. ಬೆಳೆ, ಹಾಲು, ಕೂಲಿ, ಪಿಂಚಣಿ, ಹೊರಗಿರುವವರು ಕಳಿಸುವ ಹಣ, ಹೀಗೆ ಒಂದೊಂದಾಗಿ ಕೇಳುತ್ತೇನೆ. ಹಾಲಿನ ಹಿಂದಿನ ಬಟವಾಡೆಯ ಮೊತ್ತವನ್ನು ಡೇರಿ ಪುಸ್ತಕ ನೋಡಿಯೇ ಬರೆದುಕೊಳ್ಳಬಹುದು, ಆದರೆ ಅದನ್ನೇ ವರ್ಷಕ್ಕೆ ಗುಣಿಸಬಾರದು. ಹಸು ಎಷ್ಟು ತಿಂಗಳು ಹಾಲು ಕೊಟ್ಟಿತು ಎಂಬುದು ಬೇರೆ ಪ್ರಶ್ನೆ. ‘ಒಂದು ವರ್ಷ’ ಎಂದರೆ ಕೆಲವರಿಗೆ ಯುಗಾದಿಯಿಂದ ಯುಗಾದಿ. ‘ಹೋದ ಮುಂಗಾರು ಬಿತ್ತನೆಯಿಂದ ಈ ಮುಂಗಾರು ಬಿತ್ತನೆವರೆಗೆ’ ಎಂದು ಪ್ರಶ್ನೆಯಲ್ಲೇ ಬರೆದುಬಿಡಿ.

ಖಾಲಿ ಖಾನೆ ಎಂದೂ ಬೇಡ. ಏನೂ ಇಲ್ಲದಿದ್ದರೆ 0, ಗೊತ್ತಿಲ್ಲದಿದ್ದರೆ -98, ಹೇಳಲು ಒಪ್ಪದಿದ್ದರೆ -99. ಋಣ ಚಿಹ್ನೆ ಬಿಟ್ಟರೆ 99 ವರ್ಷದ ಅಜ್ಜಿ ‘ಉತ್ತರಿಸಲಿಲ್ಲ’ ಆಗುತ್ತಾರೆ, ಇಲ್ಲವೇ ಉತ್ತರ ಕೊಡದವರ ಮನೆಯಲ್ಲಿ 99 ಕುರಿ ಸೇರಿಕೊಳ್ಳುತ್ತವೆ.

ಟ್ಯಾಬಿಗೆ ಕೊಬೋಟೂಲ್‌ಬಾಕ್ಸ್ ಎಂಬ ಸಮೀಕ್ಷೆಯ ತಂತ್ರಾಂಶ ಸಾಕು, ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತದೆ. ಆದರೆ ಪ್ರಶ್ನೆಗಳನ್ನು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿಸಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲೇ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ.

ಪೂರ್ವಪರೀಕ್ಷೆಯನ್ನು ಸಮೀಕ್ಷೆಗೆ ಆರಿಸದ ಊರಿನಲ್ಲಿ, 15ರಿಂದ 20 ಮನೆಗಳಲ್ಲಿ ಮಾಡುತ್ತೇನೆ. ಉತ್ತರ ಕೊಟ್ಟ ಮೇಲೆ ‘ನಾನು ಕೇಳಿದ್ದು ನಿಮಗೆ ಏನಂತ ಅರ್ಥ ಆಯ್ತು?’ ಎಂದು ವಿಚಾರಿಸಿದರೆ ಕೆಟ್ಟ ಪ್ರಶ್ನೆಗಳು ಅಲ್ಲೇ ಸಿಕ್ಕಿಬೀಳುತ್ತವೆ. ಕೆಲಸ ಶುರುವಾದ ಮೇಲೆ ಹತ್ತರಲ್ಲಿ ಒಂದು ಮನೆಗೆ ಬೇರೊಬ್ಬರು ಮತ್ತೆ ಹೋಗಿ ನಾಲ್ಕೈದು ಪ್ರಶ್ನೆಗಳನ್ನಷ್ಟೇ ಕೇಳಿ ತಾಳೆ ನೋಡಬೇಕು. ಅದಕ್ಕೆ ಮನೆಮಂದಿ, ಹೊಲಗಳ ಸಂಖ್ಯೆ, ಕೊಳವೆಬಾವಿಯಂಥ ಬೇಗ ಬದಲಾಗದ ಸಂಗತಿಗಳನ್ನು ಆರಿಸಿ. ಕುರಿ, ಕೋಳಿ ಬೇಡ. ನಡುವೆ ಒಂದು ಸಂತೆ ಆಗಿಹೋದರೂ ಲೆಕ್ಕ ತಪ್ಪುತ್ತದೆ, ಬೈಗುಳ ಮಾತ್ರ ಗಣತಿದಾರನಿಗೆ.