ಆಕ್ಸಲ್ ಆರಿಸುವ ಮುನ್ನ ಟೈರ್ ನೋಡಿ

ಡ್ರ್ಯಾಗ್ ರೇಸ್ (ನೇರ ಹಾದಿಯ ಕಿರು ವೇಗದೋಟ) ಕಾರಿಗೆ ಹಿಂದಿನ ಆಕ್ಸಲ್ (ಹಿಂಚಕ್ರಗಳನ್ನು ತಿರುಗಿಸುವ ಅಚ್ಚು) ಆರಿಸುವವರು ಅಶ್ವಶಕ್ತಿಯ ಅಂಕಿಯೊಂದನ್ನೇ ನೆಚ್ಚಿಕೊಳ್ಳಬಾರದೆಂದು ಕಳಕಳಿಯಿಂದ ಕೋರುತ್ತೇನೆ. ಆಕ್ಸಲ್‌ಗೆ ನಿಜವಾದ ಪರೀಕ್ಷೆ ಕಾರು ಹೊರಡುವ ಕ್ಷಣದಲ್ಲಿ. ಎಂಜಿನ್ನಿನ 400 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ), 2.5ರ ಮೊದಲ ಗೇರು ಮತ್ತು 4.10ರ ಹಿಂದಿನ ಗೇರು ಅನುಪಾತಗಳಿಂದ ಗುಣಿತವಾಗಿ ಆಗ 4,100ಕ್ಕೆ ಏರಿರುತ್ತದೆ. ಸಾಮಾನ್ಯ ಟೈರ್ ಜಾರಿ ಈ ಹೊಡೆತವನ್ನು ತಗ್ಗಿಸುತ್ತದೆ, ಆದರೆ ಗೀರುಗಳಿಲ್ಲದ ನುಣುಪಾದ ಸ್ಲಿಕ್ ಟೈರ್ ನೆಲವನ್ನು ಕಚ್ಚಿ ಹಿಡಿಯುವುದರಿಂದ ಭಾರವೆಲ್ಲ ಆಕ್ಸಲ್ಲಿನೊಳಗೆ ಚಕ್ರಗಳನ್ನು ತಿರುಗಿಸುವ ಶಾಫ್ಟುಗಳ ಮೇಲೆಯೇ ಬೀಳುತ್ತದೆ. ಕ್ಲಚ್ ಒಮ್ಮೆಲೇ ಬಿಟ್ಟು ಹೊರಡುವ ಕಾರಿನಲ್ಲಿ ಏಟು ಇನ್ನೂ ಜೋರು.

ಶಾಫ್ಟಿನ ಬಲ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, 31 ಸ್ಪ್ಲೈನ್‌ನಿಂದ (ಶಾಫ್ಟಿನ ತುದಿಯ ಉದ್ದ ಹಲ್ಲುಗಳು; ಸಂಖ್ಯೆ ಹೆಚ್ಚಿದಂತೆ ಶಾಫ್ಟೂ ದಪ್ಪ) 35 ಸ್ಪ್ಲೈನ್‌ಗೆ ಹೋದರೆ, ನೋಟಕ್ಕೆ ವ್ಯತ್ಯಾಸ ಸಣ್ಣದಾದರೂ, ಬಲ ಸುಮಾರು ಒಂದೂವರೆ ಪಟ್ಟಾಗುತ್ತದೆ. ಪಿನಿಯನ್ನಿನ (ಎಂಜಿನ್ ಕಡೆಯಿಂದ ಬಂದ ತಿರುಗುವಿಕೆಯನ್ನು ಆಕ್ಸಲ್ಲಿಗೆ ದಾಟಿಸುವ ಚಿಕ್ಕ ಗೇರು) ತುದಿಗೂ ಬೇರಿಂಗಿನ ಆಸರೆಯಿರುವ ಫೋರ್ಡ್ 9 ಇಂಚಿನ ಆಕ್ಸಲ್ ನನ್ನ ಮೆಚ್ಚಿನದು; ಘರ್ಷಣೆಯಲ್ಲಿ ಸ್ವಲ್ಪ ಶಕ್ತಿ ಹೆಚ್ಚು ನಷ್ಟವಾಗುವುದೂ ನಿಜ. ಸಿ-ಕ್ಲಿಪ್ (ಸಿ ಆಕಾರದ ಲೋಹದ ಕೊಂಡಿ) ಹಿಡಿದಿಟ್ಟ ಶಾಫ್ಟನ್ನು ಮಾತ್ರ ದಯವಿಟ್ಟು ನಂಬಬೇಡಿ, ಏಕೆಂದರೆ ಆ ಶಾಫ್ಟ್ ತುಂಡಾದರೆ ಚಕ್ರವೇ ಕಳಚಿ ಹೊರಬರಬಹುದು.

ಈಗಿರುವ ಶಾಫ್ಟನ್ನು ಹೊರತೆಗೆದು, ಒರೆಸಿ, ಬೆಳಕಿಗೆ ಹಿಡಿಯಿರಿ. ನೇರವಾಗಿರಬೇಕಾದ ಸ್ಪ್ಲೈನ್ ಗೆರೆಗಳು ಹಗ್ಗದ ಎಳೆಗಳಂತೆ ಓರೆಯಾಗಿ ಹೊಸೆದುಕೊಂಡಿದ್ದರೆ, ಅದನ್ನು ಮತ್ತೆ ಜೋಡಿಸಬೇಡಿ.